ಯಜಮಾನನ ಗಮನ: ಸಲಹಾ ಸಂಸ್ಥೆಗಳ ಏಳುಬೀಳಿನಿಂದ ಸಣ್ಣ ಉದ್ದಿಮೆದಾರರು ಕಲಿಯಬೇಕಾದ ಪಾಠ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಕಿತ್ತೂರಿನ ಪಕ್ಕದಲ್ಲಿಯೇ ಹಾದುಹೋಗುತ್ತದೆ. ದೇಗಾಂವ, ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಭಾಗದ ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಮಕ್ಕಳು ಓದು ಮುಗಿಸಿ ಈ ರಸ್ತೆಯ ಒಂದು ತುದಿಗೋ ಇನ್ನೊಂದು ತುದಿಗೋ ಹೊರಡುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಅವರಲ್ಲಿ ಹಲವರು ಸೇರುವುದು ಸಲಹಾ ಸಂಸ್ಥೆಗಳನ್ನು. ಅಲ್ಲಿ ಯಂತ್ರವಿಲ್ಲ, ಗೋದಾಮಿಲ್ಲ, ಕಚ್ಚಾ ಸಾಮಗ್ರಿಯಿಲ್ಲ. ಬಂಡವಾಳವೆಂದರೆ ಮನುಷ್ಯರ ಬುದ್ಧಿ ಮತ್ತು ದುಡಿಮೆ ಮಾತ್ರ. ಬೇರೆಯವರ ಉದ್ದಿಮೆ ಹೇಗೆ ನಡೆಯಬೇಕೆಂದು ಹೇಳಿಕೊಡುವುದೇ ಅವುಗಳ ವ್ಯಾಪಾರ.

ಹೀಗೆ ಇತರರಿಗೆ ಆಡಳಿತದ ಪಾಠ ಹೇಳುವ ಸಂಸ್ಥೆಗಳೇ ತಮ್ಮ ಮನೆಯ ಆಡಳಿತದಲ್ಲಿ ಎಡವಿದ ಪ್ರಸಂಗಗಳು ಕಡಿಮೆಯಿಲ್ಲ. ಅಂತಹ ಬಹುಪಾಲು ಪ್ರಸಂಗಗಳಲ್ಲಿ ಹಣದ ಕೊರತೆಯಾಗಲಿ ಬುದ್ಧಿಯ ಕೊರತೆಯಾಗಲಿ ಇರಲಿಲ್ಲ. ಮೇಲಿನ ಕುರ್ಚಿಯಲ್ಲಿ ಕುಳಿತವರ ಗಮನ ಕೆಳಗಿನ ಕೆಲಸದಿಂದ ದೂರ ಸರಿದಿತ್ತು, ಅಷ್ಟೇ. ಈ ದೋಷವು ಸಾವಿರಾರು ನೌಕರರ ಸಂಸ್ಥೆಗೆ ಮಾತ್ರ ಬರುವಂಥದ್ದಲ್ಲ. ಹನ್ನೆರಡು ಜನ ದುಡಿಯುವ ಕಾರ್ಯಾಗಾರಕ್ಕೂ, ಮೂವರು ಗುಮಾಸ್ತರಿರುವ ಅಡತಿ ಅಂಗಡಿಗೂ ಅದು ಬರುತ್ತದೆ. ಆದುದರಿಂದಲೇ ಈ ವಿಷಯವನ್ನು ನಮ್ಮ ಸದಸ್ಯರ ಮುಂದಿಡುವುದು ಅಗತ್ಯವೆನಿಸಿತು.

ಸಲಹಾ ಸಂಸ್ಥೆಯ ರಚನೆಯಲ್ಲಿಯೇ ಅಡಗಿರುವ ದೋಷ

ಸಲಹಾ ಸಂಸ್ಥೆಯೊಂದರ ಲೆಕ್ಕಾಚಾರ ಸರಳವಾದುದು. ಮೇಲ್ಭಾಗದಲ್ಲಿ ಕೆಲವೇ ಪಾಲುದಾರರು, ನಡುವೆ ವ್ಯವಸ್ಥಾಪಕರು, ಕೆಳಗೆ ಬಹುಸಂಖ್ಯೆಯ ಕಿರಿಯರು. ಕಿರಿಯರು ದುಡಿದ ಗಂಟೆಗಳನ್ನು ಗ್ರಾಹಕರಿಗೆ ದರ ಕಟ್ಟಿ ಮಾರಲಾಗುತ್ತದೆ. ಅವರ ಸಂಬಳಕ್ಕೂ ಗ್ರಾಹಕನಿಂದ ಬರುವ ದರಕ್ಕೂ ಇರುವ ಅಂತರವೇ ಲಾಭ. ಒಬ್ಬ ಪಾಲುದಾರನ ಕೆಳಗೆ ಹೆಚ್ಚು ಕಿರಿಯರಿದ್ದಷ್ಟೂ, ಅವರ ಸಮಯವು ಹೆಚ್ಚು ಮಾರಾಟವಾದಷ್ಟೂ ಲಾಭ ಏರುತ್ತದೆ.

ಇಂತಹ ಸಂಸ್ಥೆಗಳಲ್ಲಿ ಮೂರು ಬಗೆಯ ಜನರಿರುತ್ತಾರೆಂಬ ಮಾತು ಆ ವೃತ್ತಿಯಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ: ಕೆಲಸ ಹುಡುಕಿ ತರುವವರು, ಕೆಲಸ ನೋಡಿಕೊಳ್ಳುವವರು ಮತ್ತು ಅರೆಯುವವರು. ಮೇಲಿನವರ ಆದಾಯ ಹಾಗೂ ಗೌರವಗಳು ಹೊಸ ಗ್ರಾಹಕರನ್ನು ತರುವುದಕ್ಕೆ ಜೋಡಿಸಲ್ಪಟ್ಟಿರುತ್ತವೆ. ಒಬ್ಬ ಕಿರಿಯನನ್ನು ತಿದ್ದಿ ತೀಡಲು ಕಳೆದ ಒಂದು ಗಂಟೆಗೆ ಯಾವ ಗ್ರಾಹಕನೂ ಬಿಲ್ಲು ಕೊಡುವುದಿಲ್ಲ. ಆದ್ದರಿಂದ ಒಳ್ಳೆಯ ಮನುಷ್ಯನಾದರೂ ಪಾಲುದಾರನು ದಿನಕಳೆದಂತೆ ಹೊರಗಿನವನಾಗುತ್ತಾನೆ. ವಿಮಾನ, ಭೋಜನಕೂಟ, ಸಭೆ ಇವುಗಳಲ್ಲಿ ಅವನ ಕಾಲ ಕಳೆಯುತ್ತದೆ. ಕೆಳಗಿನವರ ಹೆಸರುಗಳು ಅವನಿಗೆ ಹಾಜರಿಪಟ್ಟಿಯ ಸಾಲುಗಳಾಗಿ ಕಾಣತೊಡಗುತ್ತವೆ.

ನಡುವಿನ ವ್ಯವಸ್ಥಾಪಕನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮೇಲಿನಿಂದ ಬಂದ ಗಡುವನ್ನು ಕೆಳಗೆ ದಾಟಿಸುವುದು ಅವನಿಗೆ ಸುಲಭ. ಕೆಳಗಿನಿಂದ ಬಂದ ಕೆಟ್ಟ ಸುದ್ದಿಯನ್ನು ಮೇಲೆ ದಾಟಿಸುವುದು ಅಪಾಯಕರ. ಹೀಗಾಗಿ ಆದೇಶಗಳು ಇಳಿಯುತ್ತವೆ, ವಾಸ್ತವಾಂಶಗಳು ಏರುವುದಿಲ್ಲ. ಮೇಲಿನವನಿಗೆ ಎಲ್ಲವೂ ಸುಗಮವಾಗಿದೆ ಎಂದು ತೋರುತ್ತಿರುವಾಗಲೇ ಕೆಳಗೆ ಬಿರುಕು ಬಿಟ್ಟಿರುತ್ತದೆ.

ಎಚ್ಚರಿಸಿದವನನ್ನೇ ದೂರವಿಟ್ಟ ಸಂಸ್ಥೆ

ಇದಕ್ಕೆ ಜಗತ್ತು ಕಂಡ ಅತಿದೊಡ್ಡ ನಿದರ್ಶನ ಅಮೆರಿಕೆಯ ಆರ್ಥರ್ ಆಂಡರ್ಸನ್ ಸಂಸ್ಥೆ. 1913ರಲ್ಲಿ ಷಿಕಾಗೋದಲ್ಲಿ ಆರಂಭವಾದ ಈ ಲೆಕ್ಕಪರಿಶೋಧನಾ ಸಂಸ್ಥೆಯ ಸ್ಥಾಪಕನು ನಿಷ್ಠುರತೆಗೆ ಹೆಸರಾದವನು. ವೃತ್ತಿಯ ಆರಂಭದ ದಿನಗಳಲ್ಲಿಯೇ ರೈಲ್ವೆ ಕಂಪನಿಯೊಂದರ ತಪ್ಪು ಲೆಕ್ಕಕ್ಕೆ ಸಹಿ ಹಾಕಲು ನಿರಾಕರಿಸಿ ಆ ಗ್ರಾಹಕನನ್ನೇ ಕಳೆದುಕೊಂಡನೆಂಬ ಪ್ರಸಂಗವನ್ನು ಆ ಸಂಸ್ಥೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಹೇಳಿಕೊಂಡು ಬರಲಾಗುತ್ತಿತ್ತು. ಮುಂದೆ ಸಲಹಾ ಸೇವೆಯೂ ಸೇರಿಕೊಂಡು ಸಂಸ್ಥೆ ಬೃಹತ್ತಾಗಿ ಬೆಳೆಯಿತು. 1989ರಲ್ಲಿ ಪ್ರತ್ಯೇಕ ಘಟಕವಾದ ಅದರ ಸಲಹಾ ವಿಭಾಗವು 2000ದಲ್ಲಿ ಸಂಪೂರ್ಣವಾಗಿ ಬೇರ್ಪಟ್ಟು, 2001ರಿಂದ ಆಕ್ಸೆಂಚರ್ ಎಂಬ ಹೆಸರು ಪಡೆಯಿತು.

ಮೂಲ ಸಂಸ್ಥೆಯೂ ತನ್ನದೇ ಆದ ಸಲಹಾ ಸೇವೆಯನ್ನು ಮುಂದುವರಿಸಿತು. ಎನ್ರಾನ್ ಎಂಬ ಇಂಧನ ಕಂಪನಿಯೊಂದರಿಂದಲೇ 2000ನೇ ವರ್ಷದಲ್ಲಿ ಲೆಕ್ಕಪರಿಶೋಧನೆಗೆ 2.5 ಕೋಟಿ ಡಾಲರ್, ಸಲಹೆ ಮತ್ತಿತರ ಸೇವೆಗಳಿಗೆ 2.7 ಕೋಟಿ ಡಾಲರ್ ಶುಲ್ಕ ಬಂದಿತ್ತು. ಇಷ್ಟು ದೊಡ್ಡ ಗ್ರಾಹಕನನ್ನು ನೋಯಿಸಲು ಯಾರಿಗೂ ಮನಸ್ಸಿರಲಿಲ್ಲ. ಆಂಡರ್ಸನ್‌ನ ಒಳಗಿನ ತಜ್ಞರ ತಂಡದಲ್ಲಿದ್ದ ಕಾರ್ಲ್ ಬಾಸ್ ಎಂಬುವರು ಎನ್ರಾನ್‌ನ ಲೆಕ್ಕ ಬರೆಯುವ ವಿಧಾನಗಳನ್ನು ಆಕ್ಷೇಪಿಸಿದ್ದರು. ಆದರೆ ಗ್ರಾಹಕನ ಅಸಮಾಧಾನದ ಕಾರಣ 2001ರಲ್ಲಿ ಅವರನ್ನೇ ಆ ಕೆಲಸದಿಂದ ದೂರ ಇಡಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿಯಾಯಿತು. ಅದಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನು ನಾಶಪಡಿಸಿದ ಪ್ರಕರಣದಲ್ಲಿ 2002ರ ಜೂನ್‌ನಲ್ಲಿ ಆಂಡರ್ಸನ್ ತಪ್ಪಿತಸ್ಥನೆಂದು ತೀರ್ಪು ಬಂದಿತು. 2005ರಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತಾದರೂ ಅಷ್ಟರಲ್ಲಿ ಸುಮಾರು 85,000 ನೌಕರರಿದ್ದ ಸಂಸ್ಥೆಯು ಚದುರಿಹೋಗಿತ್ತು.

ತಪ್ಪನ್ನು ಕಂಡು ಹೇಳುವವರು ಆ ಸಂಸ್ಥೆಯಲ್ಲಿ ಇದ್ದೇ ಇದ್ದರು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹೇಳಿದ್ದನ್ನು ಕೇಳಿಸಿಕೊಂಡು ನಿಲ್ಲುವ ನಾಯಕತ್ವ ಇರಲಿಲ್ಲ. ಸ್ಥಾಪಕನ ನಿಷ್ಠುರತೆಯ ಕಥೆಯನ್ನು ಹೇಳುವುದಷ್ಟೇ ಉಳಿದು, ಅದನ್ನು ನಡೆಸುವುದು ನಿಂತುಹೋಗಿತ್ತು.

ಬೆಂಗಳೂರಿನ ಒಂದು ಪ್ರಯೋಗ

ಇದಕ್ಕೆ ವಿರುದ್ಧವಾದ ನಿದರ್ಶನವೊಂದು ನಮ್ಮ ರಾಜ್ಯದಲ್ಲಿಯೇ ಇದೆ. 1999ರ ಆಗಸ್ಟ್‌ನಲ್ಲಿ ಹತ್ತು ಜನ ಅನುಭವಿಗಳು ಕೂಡಿ ಬೆಂಗಳೂರಿನಲ್ಲಿ ಮೈಂಡ್‌ಟ್ರೀ ಕನ್ಸಲ್ಟಿಂಗ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಶೋಕ್ ಸೂಟಾ, ಸುಬ್ರತೋ ಬಾಗ್ಚಿ, ಕೃಷ್ಣಕುಮಾರ್ ನಟರಾಜನ್, ಎನ್. ಎಸ್. ಪಾರ್ಥಸಾರಥಿ ಮೊದಲಾದವರು ಅದರ ಸಂಸ್ಥಾಪಕರು. ಸಂಸ್ಥೆಯ ಲಾಂಛನವನ್ನು ರಚಿಸಿದವನು ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದ ಒಬ್ಬ ವಿದ್ಯಾರ್ಥಿ. ದುಬಾರಿ ಜಾಹೀರಾತು ಕಂಪನಿಯ ಬದಲು ಅಂಗವೈಕಲ್ಯವುಳ್ಳ ಬಾಲಕನೊಬ್ಬನ ರಚನೆಯನ್ನು ಆಯ್ದುಕೊಂಡುದು ಆ ಸಂಸ್ಥೆಯ ಮನೋಧರ್ಮಕ್ಕೆ ಸಾಕ್ಷಿಯಾಗಿತ್ತು. 2007ರ ಫೆಬ್ರವರಿಯಲ್ಲಿ ಅದು ಸಾರ್ವಜನಿಕರಿಗೆ ಷೇರು ನೀಡಿದಾಗ ಬೇಡಿಕೆಯು ನೂರು ಪಟ್ಟು ಮೀರಿತ್ತು.

ನಮ್ಮ ವಿಷಯಕ್ಕೆ ಸಂಬಂಧಿಸಿದ ಘಟನೆ ನಡೆದದ್ದು 2008ರ ಏಪ್ರಿಲ್‌ನಲ್ಲಿ. ಮುಖ್ಯ ಕಾರ್ಯಾಚರಣಾಧಿಕಾರಿಯಾಗಿದ್ದ ಬಾಗ್ಚಿಯವರು ಆ ಹುದ್ದೆಯನ್ನು ಬಿಟ್ಟು ‘ತೋಟಗಾರ’ ಎಂಬ ವಿಚಿತ್ರ ಪದನಾಮವನ್ನು ಸ್ವೀಕರಿಸಿದರು. ಸಂಸ್ಥೆಯ ಮೇಲ್ದರ್ಜೆಯ ನೂರು ಜನ ನಾಯಕರೊಂದಿಗೆ ಒಬ್ಬೊಬ್ಬರಾಗಿ ಕುಳಿತು ಮಾತನಾಡುವುದು, ಅವರ ತೊಡಕುಗಳನ್ನು ಕೇಳುವುದು, ಅವರ ಬೆಳವಣಿಗೆಗೆ ನೆರವಾಗುವುದು ಅವರ ಕೆಲಸವಾಯಿತು. ಅದೂ ಅವರನ್ನು ತಮ್ಮ ಕೊಠಡಿಗೆ ಕರೆಸದೆ, ತಾವೇ ಅವರಿದ್ದಲ್ಲಿಗೆ ಹೋಗುವ ಕ್ರಮ.

ಈ ಕ್ರಮವನ್ನು ಆಗ ಕೆಲವರು ವಿನೋದವಾಗಿ ಕಂಡಿರಬಹುದು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಮಾತ್ರ ಇದು ಗಂಭೀರವಾದ ಹೂಡಿಕೆ. ಮೇಲೆ ಹೇಳಿದಂತೆ ಸಲಹಾ ಸಂಸ್ಥೆಯಲ್ಲಿ ಕಿರಿಯರೊಂದಿಗೆ ಕಳೆದ ಗಂಟೆಗೆ ಬಿಲ್ಲು ಹುಟ್ಟುವುದಿಲ್ಲ. ಬಿಲ್ಲು ಹುಟ್ಟದ ಆ ಕೆಲಸಕ್ಕಾಗಿ ಸಂಸ್ಥೆಯು ತನ್ನ ಅತ್ಯಂತ ಬೆಲೆಬಾಳುವ ವ್ಯಕ್ತಿಗಳಲ್ಲಿ ಒಬ್ಬರನ್ನು ಪೂರ್ಣಾವಧಿಗೆ ಮೀಸಲಿಟ್ಟಿತು. ಗಮನವನ್ನು ಸದ್ಭಾವನೆಗೆ ಬಿಡದೆ, ಕೆಲಸದ ವಿಭಾಗವನ್ನಾಗಿ ಮಾಡಿತು.

ಹಾಗೆಂದು ಮೈಂಡ್‌ಟ್ರೀಯ ಇತಿಹಾಸವೆಲ್ಲ ಯಶಸ್ಸಿನದೇ ಅಲ್ಲ. 2009ರಲ್ಲಿ ಕ್ಯೋಸೆರಾ ವೈರ್‌ಲೆಸ್ ಸಂಸ್ಥೆಯ ಭಾರತೀಯ ಘಟಕವನ್ನು ಕೊಂಡು ಮೊಬೈಲ್ ಫೋನ್ ತಯಾರಿಕೆಗೆ ಕೈಹಾಕಿ, 2010ರಲ್ಲಿ ಆ ಯೋಜನೆಯನ್ನು ಕೈಬಿಡಬೇಕಾಯಿತು. 2011ರಲ್ಲಿ ಅಧ್ಯಕ್ಷ ಸೂಟಾ ಅವರು ಹೊರನಡೆದು ಹ್ಯಾಪಿಯೆಸ್ಟ್ ಮೈಂಡ್ಸ್ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು. 2019ರ ಮಾರ್ಚ್‌ನಲ್ಲಿ ಬಹುಕಾಲದ ಹೂಡಿಕೆದಾರರಾಗಿದ್ದ ವಿ. ಜಿ. ಸಿದ್ಧಾರ್ಥ ಅವರು ತಮ್ಮ ಶೇ. 20ಕ್ಕೂ ಮಿಕ್ಕಿದ ಪಾಲನ್ನು ಷೇರಿಗೆ 980 ರೂಪಾಯಿಯಂತೆ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಗೆ ಮಾರಲು ಒಪ್ಪಿದರು. ಸಂಸ್ಥಾಪಕರು ವಿರೋಧಿಸಿದರೂ ಅವರ ಕೈಯಲ್ಲಿದ್ದುದು ಸುಮಾರು ಶೇ. 13ರಷ್ಟು ಪಾಲು ಮಾತ್ರ. ಅದೇ ಜುಲೈಯಲ್ಲಿ ನಟರಾಜನ್, ಪಾರ್ಥಸಾರಥಿ ಮತ್ತು ರೋಸ್ಟೋವ್ ರಾವಣನ್ ರಾಜೀನಾಮೆ ನೀಡಿದರು. 2022ರ ನವೆಂಬರ್‌ನಲ್ಲಿ ಮೈಂಡ್‌ಟ್ರೀಯು ಎಲ್ ಅಂಡ್ ಟಿ ಇನ್ಫೋಟೆಕ್‌ನೊಂದಿಗೆ ವಿಲೀನಗೊಂಡಿತು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಳ್ಳೆಯ ಕಾರ್ಯಸಂಸ್ಕೃತಿಯು ನೌಕರರನ್ನು ಕಟ್ಟಿಹಾಕಬಲ್ಲದು, ಆದರೆ ಒಡೆತನದ ಪತ್ರಗಳನ್ನು ಅದು ಕಾಯಲಾರದು. ಯಜಮಾನನ ಗಮನವು ಆಳುಗಳ ಕಡೆಗೂ ಇರಬೇಕು, ಪಾಲುದಾರಿಕೆಯ ಕರಾರಿನ ಕಡೆಗೂ ಇರಬೇಕು. ಅಣ್ಣತಮ್ಮಂದಿರ ಬಾಯಿಮಾತಿನ ಮೇಲೆ ಮೂವತ್ತು ವರ್ಷ ನಡೆದ ಅಂಗಡಿಗಳು ಮುಂದಿನ ಪೀಳಿಗೆಯಲ್ಲಿ ಒಂದು ಸಹಿಯಿಂದ ಕೈತಪ್ಪುವುದನ್ನು ನಮ್ಮ ಪೇಟೆಗಳಲ್ಲಿಯೂ ಕಾಣಬಹುದು.

ಪುಣೆಯಿಂದ ಬಂದ ಒಂದು ಪತ್ರ

2024ರ ಜುಲೈಯಲ್ಲಿ ಪುಣೆಯಲ್ಲಿ ಯುವ ಲೆಕ್ಕಪರಿಶೋಧಕಿಯೊಬ್ಬಳು ತೀರಿಕೊಂಡಳು. ಜಗತ್ತಿನ ನಾಲ್ಕು ದೊಡ್ಡ ಲೆಕ್ಕಪರಿಶೋಧನಾ ಮತ್ತು ಸಲಹಾ ಜಾಲಗಳಲ್ಲಿ ಒಂದಾದ ಇವೈಗೆ ಸೇರಿದ ಸಂಸ್ಥೆಯಲ್ಲಿ ಆಕೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಷ್ಟೇ ಆಗಿತ್ತು. ವಿಪರೀತ ಕೆಲಸದ ಒತ್ತಡವೇ ಮಗಳ ಜೀವಕ್ಕೆ ಎರವಾಯಿತೆಂದು ದೂರಿ ಆಕೆಯ ತಾಯಿ ಸಂಸ್ಥೆಯ ಭಾರತೀಯ ಅಧ್ಯಕ್ಷರಿಗೆ ಬರೆದ ಪತ್ರವು ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಚರ್ಚೆಗೆ ಬಂದಿತು. ಸಾವಿಗೆ ಕೆಲಸದ ಒತ್ತಡ ಕಾರಣವೆಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯವು ವಿಚಾರಣೆಗೆ ಮುಂದಾಯಿತು. ಪುಣೆಯ ಆ ಕಚೇರಿಯನ್ನು ಪರಿಶೀಲಿಸಿದ ಮಹಾರಾಷ್ಟ್ರದ ಕಾರ್ಮಿಕ ಅಧಿಕಾರಿಗಳು, ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಡಿ ಅದರ ನೋಂದಣಿಯೇ ಆಗಿರಲಿಲ್ಲವೆಂದು ತಿಳಿಸಿದರು.

ಸಾವಿನ ಕಾರಣವನ್ನು ನಿರ್ಣಯಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಆ ಪತ್ರದ ಒಂದು ಮಾತು ಓದಿದವರ ಮನಸ್ಸಿನಿಂದ ಮರೆಯಾಗುವುದಿಲ್ಲ. ಮಗಳ ಅಂತ್ಯಕ್ರಿಯೆಗೆ ಸಂಸ್ಥೆಯಿಂದ ಒಬ್ಬರೂ ಬರಲಿಲ್ಲವೆಂದು ತಾಯಿ ಬರೆದಿದ್ದರು. ಬಾರದೆ ಹೋದುದಕ್ಕೆ ಅಧ್ಯಕ್ಷರು ಅನಂತರ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು.

ನಮ್ಮ ಭಾಗದಲ್ಲಿ ಇದು ಊಹಿಸಲೂ ಕಷ್ಟವಾದ ಸಂಗತಿ. ಹಮಾಲನ ಮನೆಯಲ್ಲಿ ಸಾವಾದರೆ ಅಡತಿ ಅಂಗಡಿಯ ಮಾಲೀಕನು ಬಾಗಿಲು ಎಳೆದು ಮಣ್ಣಿಗೆ ಹೋಗುತ್ತಾನೆ. ಗುಮಾಸ್ತನ ಮಗಳ ಮದುವೆಯಲ್ಲಿ ಮುಂದೆ ನಿಂತು ಅಕ್ಕಿಕಾಳು ಹಾಕುತ್ತಾನೆ. ಇದು ನಮ್ಮ ಪೇಟೆಗಳ ನಿಜವಾದ ಆಸ್ತಿ. ಆದರೆ ಇಲ್ಲಿಗೇ ಸಮಾಧಾನಪಟ್ಟು ನಿಲ್ಲುವುದು ಸರಿಯಲ್ಲ. ಮನೆಯ ಸುಖದುಃಖಕ್ಕೆ ಹೋಗುವ ಮಾಲೀಕನು, ಕೆಲಸದ ಸ್ಥಳದಲ್ಲಿ ಅದೇ ಮನುಷ್ಯನ ಮಾತನ್ನು ಕೇಳುತ್ತಾನೆಯೇ ಎಂಬ ಪ್ರಶ್ನೆ ಬೇರೆಯೇ ಇದೆ.

ಸ್ವಂತ ಅನುಭವದ ಒಂದು ಮಾತು

ಈ ಪ್ರಶ್ನೆಯನ್ನು ಇತರರಿಗೆ ಕೇಳುವ ಮುನ್ನ ನನಗೆ ನಾನೇ ಕೇಳಿಕೊಳ್ಳಬೇಕಾಗಿ ಬಂದಿತ್ತು. ಕೆಲವು ವರ್ಷ ಬೆಂಗಳೂರಿನ ಸಲಹಾ ಸಂಸ್ಥೆಯೊಂದರಲ್ಲಿ ದುಡಿದು, ಅನಂತರ ಊರಿಗೆ ಮರಳಿ ಸಣ್ಣದೊಂದು ಯಂತ್ರಭಾಗಗಳ ಕಾರ್ಯಾಗಾರವನ್ನು ನಡೆಸುತ್ತಿದ್ದೇನೆ. ಬೆಂಗಳೂರಿನ ಆ ಸಂಸ್ಥೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ವರ್ಷಕ್ಕೆ ಎರಡು ಸಲ ಕಾಣುತ್ತಿದ್ದೆವು: ಬಡ್ತಿಯ ಪಟ್ಟಿ ಓದುವಾಗ ಒಮ್ಮೆ, ವಾರ್ಷಿಕೋತ್ಸವದ ಊಟದಲ್ಲಿ ಒಮ್ಮೆ. ನಾಲ್ಕನೆಯ ವರ್ಷವೂ ಅವರು ನನ್ನನ್ನು ಬೇರೊಬ್ಬರ ಹೆಸರಿನಿಂದ ಕರೆದಾಗ, ರಾಜೀನಾಮೆ ಬರೆಯುವುದು ಸುಲಭವಾಯಿತು. ಹೀಗೆ ನಾಯಕರು ಇರಬಾರದೆಂದು ಆಗ ನಿಶ್ಚಯಿಸಿಕೊಂಡಿದ್ದೆ.

ನನ್ನ ಕಾರ್ಯಾಗಾರ ಬೆಳೆಯತೊಡಗಿತು. ಆರ್ಡರು ತರುವುದು, ಬಾಕಿ ವಸೂಲಿ, ಬ್ಯಾಂಕು, ಜಿಎಸ್‌ಟಿ ಇವುಗಳಲ್ಲಿಯೇ ನನ್ನ ದಿನ ಮುಗಿಯುತ್ತಿತ್ತು. ಒಳಗಿನ ಕೆಲಸವನ್ನು ಮೇಲ್ವಿಚಾರಕನಿಗೆ ಒಪ್ಪಿಸಿದ್ದೆ. ಒಮ್ಮೆ ಸಕ್ಕರೆ ಕಾರ್ಖಾನೆಯ ಹಂಗಾಮಿಗೆ ಮುನ್ನ ನಲವತ್ತು ಬುಷ್‌ಗಳ ಆರ್ಡರು ಬಂದಿತು. ನಾನು ಕೊಟ್ಟ ನಕ್ಷೆಯಲ್ಲಿ ಒಂದು ಅಳತೆ ತಪ್ಪಾಗಿತ್ತು. ನಲವತ್ತೂ ತಿರಸ್ಕೃತವಾಗಿ ಮರಳಿ ಬಂದವು. ವಿಚಾರಿಸಿದಾಗ, ಲೇಥ್ ನಡೆಸುವ ಹಿರಿಯ ಕೆಲಸಗಾರನು ಮೊದಲ ತುಂಡಿನಲ್ಲಿಯೇ ಆ ತಪ್ಪನ್ನು ಗುರುತಿಸಿದ್ದನೆಂದು ತಿಳಿಯಿತು. ಹಳೆಯ ಬುಷ್‌ನೊಂದಿಗೆ ಹೋಲಿಸಿ ನೋಡಿ ಮೇಲ್ವಿಚಾರಕನಿಗೆ ಹೇಳಿದ್ದನಂತೆ. “ಸಾಹೇಬರು ಗಡಿಬಿಡಿಯಾಗ ಅದಾರ, ನಕ್ಷೆದಾಗ ಇದ್ದಂಗ ಮಾಡು” ಎಂಬ ಉತ್ತರ ಬಂದಿತ್ತು.

ನನಗೇಕೆ ನೇರವಾಗಿ ಹೇಳಲಿಲ್ಲವೆಂದು ಆ ಹಿರಿಯನನ್ನು ಕೇಳಿದೆ. ಅವನು ಸಿಟ್ಟಿನಿಂದಲ್ಲ, ಸಹಜವಾಗಿಯೇ ಹೇಳಿದ: “ನೀವು ಒಳಗ ಬಂದು ನಿಂತು ಮೂರು ತಿಂಗಳಾತ್ರಿ.” ಅವನ ತಂದೆ ತೀರಿಕೊಂಡಾಗ ನಾನು ಮಣ್ಣಿಗೆ ಹೋಗಿದ್ದೆ. ಅದನ್ನು ಅವನು ಮರೆತಿರಲಿಲ್ಲ. ಆದರೂ ತಪ್ಪು ಅಳತೆಯನ್ನು ನನ್ನ ಮುಂದೆ ತಂದು ಹಿಡಿಯುವ ದಾರಿ ಅವನಿಗೆ ತೆರೆದಿರಲಿಲ್ಲ. ನಲವತ್ತು ಬುಷ್‌ಗಳ ನಷ್ಟವನ್ನು ನಾನು ತಡೆದುಕೊಂಡೆ. ಬೆಂಗಳೂರಿನಲ್ಲಿ ನಾನು ಯಾರನ್ನು ದೂರಿದ್ದೆನೋ ಅವರ ಜಾಗದಲ್ಲಿ ನಾನೇ ಕುಳಿತಿದ್ದೇನೆಂಬ ಅರಿವನ್ನು ತಡೆದುಕೊಳ್ಳುವುದು ಹೆಚ್ಚು ಕಷ್ಟವಾಯಿತು.

ಸಂಶೋಧನೆ ಏನು ಹೇಳುತ್ತದೆ

ಕೆಲಸದಲ್ಲಿ ಮನುಷ್ಯನು ಮನಸ್ಸಿಟ್ಟು ತೊಡಗುವುದು ಮತ್ತು ಮನಸ್ಸನ್ನು ಹಿಂತೆಗೆದುಕೊಳ್ಳುವುದರ ಕುರಿತು ಅಮೆರಿಕೆಯ ವಿಲಿಯಂ ಕಾನ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಬುನಾದಿಯೆನಿಸಿದೆ. ಅವರು ಪರಿಶೀಲಿಸಿದ್ದು ಬೇಸಿಗೆ ಶಿಬಿರವೊಂದರ ಕಾರ್ಯಕರ್ತರನ್ನು ಮತ್ತು ವಾಸ್ತುಶಿಲ್ಪ ಸಂಸ್ಥೆಯೊಂದರ ನೌಕರರನ್ನು. ಮೂರು ಸ್ಥಿತಿಗಳಿದ್ದಾಗ ಮನುಷ್ಯನು ಕೆಲಸಕ್ಕೆ ತನ್ನನ್ನು ತಾನು ಕೊಟ್ಟುಕೊಳ್ಳುತ್ತಾನೆಂದು ಅವರು ಕಂಡರು. ಮೊದಲನೆಯದು, ತನ್ನ ಕೆಲಸಕ್ಕೆ ಅರ್ಥವಿದೆಯೆಂಬ ಭಾವನೆ. ಎರಡನೆಯದು, ಮನಸ್ಸಿನಲ್ಲಿದ್ದುದನ್ನು ಹೇಳಿದರೆ ತನಗೆ ಕೇಡಾಗದೆಂಬ ಧೈರ್ಯ. ಮೂರನೆಯದು, ದೇಹ ಮತ್ತು ಮನಸ್ಸಿನಲ್ಲಿ ಅದಕ್ಕೆ ಬೇಕಾದ ಶಕ್ತಿ ಉಳಿದಿರುವುದು. ಈ ಮೂರರಲ್ಲಿ ಒಂದು ತಪ್ಪಿದರೂ ಮನುಷ್ಯನು ಹಾಜರಿ ಹಾಕುತ್ತಾನೆ, ಕೈ ಆಡಿಸುತ್ತಾನೆ, ಮನಸ್ಸನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬರುತ್ತಾನೆ.

ಗ್ಯಾಲಪ್ ಸಂಸ್ಥೆಯ ಸಮೀಕ್ಷೆಗಳು ಇದಕ್ಕೆ ಅಂಕಿ ಒದಗಿಸಿವೆ. 2024ರಲ್ಲಿ ಜಗತ್ತಿನ ನೌಕರರಲ್ಲಿ ಮನಸ್ಸಿಟ್ಟು ತೊಡಗಿದವರು ಶೇ. 21 ಮಾತ್ರ, ಹಿಂದಿನ ವರ್ಷ ಅದು ಶೇ. 23 ಇತ್ತು. ವ್ಯವಸ್ಥಾಪಕರಲ್ಲಿಯೇ ಈ ಪ್ರಮಾಣವು ಶೇ. 30ರಿಂದ 27ಕ್ಕೆ ಇಳಿದಿತ್ತು. ತಂಡತಂಡಗಳ ನಡುವಿನ ಉತ್ಸಾಹದ ವ್ಯತ್ಯಾಸದಲ್ಲಿ ಶೇ. 70ರಷ್ಟು ಅವುಗಳ ವ್ಯವಸ್ಥಾಪಕರಿಂದಲೇ ಉಂಟಾಗುತ್ತದೆಂದು ಅದೇ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಅಂದರೆ ಮೇಲಿನವನು ಮನಸ್ಸು ತೆಗೆದರೆ ಕೆಳಗಿನವರದು ತಾನಾಗಿಯೇ ತೆಗೆಯಲ್ಪಡುತ್ತದೆ.

ವಾರಕ್ಕೆ ಎಷ್ಟು ಗಂಟೆ ದುಡಿಯಬೇಕೆಂಬ ಚರ್ಚೆಯು 2023ರಲ್ಲಿ ಎನ್. ಆರ್. ನಾರಾಯಣಮೂರ್ತಿಯವರು 70 ಗಂಟೆಯ ಮಾತನಾಡಿದ ಮೇಲೆ ನಮ್ಮಲ್ಲಿ ಬಿಸಿಯೇರಿತು. ಗಂಟೆಗಳ ಲೆಕ್ಕಕ್ಕೆ ಕಾನೂನಿದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಸಾಮಾನ್ಯ ಮಿತಿಯನ್ನು ಹಾಕಿಕೊಟ್ಟಿತು. ಆದರೆ ಕೇಳುವವನಿಲ್ಲದ ಕಡೆ 48 ಗಂಟೆಯೂ ಭಾರವೇ ಎಂಬುದನ್ನು ದುಡಿದವರೆಲ್ಲ ಬಲ್ಲರು.

ಗಮನವೆಂದರೆ ಕೈಹಾಕುವುದಲ್ಲ

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. “ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ” ಎಂಬ ಗಾದೆಯನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇದನ್ನು ನಂಬಿದ ಮಾಲೀಕನು ಪ್ರತಿ ಚೀಟಿಗೂ ತಾನೇ ಸಹಿ ಹಾಕುತ್ತಾನೆ, ಪ್ರತಿ ಪೊಟ್ಟಣವನ್ನೂ ತಾನೇ ಬಿಚ್ಚಿ ನೋಡುತ್ತಾನೆ, ದಿನಕ್ಕೆ ಹತ್ತು ಸಲ ಕ್ಯಾಮರಾದಲ್ಲಿ ಇಣುಕುತ್ತಾನೆ. ಇಂತಹವನು ಬಹಳ ಗಮನವುಳ್ಳವನಂತೆ ತೋರುತ್ತಾನೆ. ವಾಸ್ತವವಾಗಿ ಅವನ ಕಣ್ಣು ಮಾತ್ರ ಕೆಲಸ ಮಾಡುತ್ತಿರುತ್ತದೆ, ಕಿವಿಯಲ್ಲ. ಅವನ ಮುಂದೆಯೂ ಯಾರೂ ನಿಜ ಹೇಳುವುದಿಲ್ಲ; ಹೇಳಿದರೆ ಬೈಗುಳವೆಂದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಕಾಣಿಸಿಕೊಳ್ಳದ ಮುಖ್ಯಸ್ಥನೂ, ಕ್ಯಾಮರಾ ನೋಡುವ ಈ ಮಾಲೀಕನೂ ಕೊನೆಗೆ ತಲುಪುವುದು ಒಂದೇ ಕಡೆ: ಇಬ್ಬರಿಗೂ ಕೆಟ್ಟ ಸುದ್ದಿ ತಡವಾಗಿ ಮುಟ್ಟುತ್ತದೆ.

ಮೆಕಿನ್ಸೆ ಸಲಹಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಟಾಮ್ ಪೀಟರ್ಸ್ ಮತ್ತು ರಾಬರ್ಟ್ ವಾಟರ್‌ಮನ್ ಅವರು 1982ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ, ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಅಧಿಕಾರಿಗಳು ಕುರ್ಚಿ ಬಿಟ್ಟು ಕೆಲಸದ ಸ್ಥಳದಲ್ಲಿ ಸುತ್ತಾಡುವ ಪದ್ಧತಿಯನ್ನು ಹೊಗಳಿದ್ದರು. ಆ ಸುತ್ತಾಟದ ತಿರುಳು ತಪಾಸಣೆಯಲ್ಲ, ಸಂಭಾಷಣೆ.

ಸಣ್ಣ ಉದ್ದಿಮೆಗೆ ಸಾಧ್ಯವಾಗುವ ಕ್ರಮಗಳು

ದೊಡ್ಡ ಸಂಸ್ಥೆಗಳಂತೆ ತೋಟಗಾರನನ್ನು ನೇಮಿಸುವುದು ನಮಗೆ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಬುಷ್‌ಗಳ ಪ್ರಸಂಗದ ನಂತರ ನಮ್ಮ ಕಾರ್ಯಾಗಾರದಲ್ಲಿ ರೂಢಿಗೆ ತಂದ ಕೆಲವು ಕ್ರಮಗಳನ್ನು ಸದಸ್ಯರ ಪರಿಶೀಲನೆಗಾಗಿ ಇಲ್ಲಿ ಕೊಡಲಾಗಿದೆ.

1. ವಾರಕ್ಕೆ ಒಂದು ನಿಗದಿತ ಹೊತ್ತು ಮಾಲೀಕನು ಫೋನನ್ನು ಮೇಜಿನ ಮೇಲೆ ಬಿಟ್ಟು ಕೆಲಸದ ಸ್ಥಳದಲ್ಲಿರಬೇಕು. ನಮ್ಮಲ್ಲಿ ಅದು ಸಂತೆಯ ದಿನದ ಬೆಳಗಿನ ಒಂದು ಗಂಟೆ. ಆ ಹೊತ್ತಿನಲ್ಲಿ ಆದೇಶ ಕೊಡಕೂಡದು, ಕೇಳುವುದು ಮಾತ್ರ.

2. ಪ್ರತಿಯೊಬ್ಬ ಕೆಲಸಗಾರನೊಂದಿಗೆ ಎರಡು ತಿಂಗಳಿಗೊಮ್ಮೆಯಾದರೂ ಕಾಲು ಗಂಟೆ ಒಂಟಿಯಾಗಿ ಮಾತನಾಡಬೇಕು. “ನಿಮ್ಮ ಕೆಲಸಕ್ಕೆ ಅಡ್ಡಿಯಾಗುತ್ತಿರುವುದು ಏನು?” ಎಂಬ ಒಂದೇ ಪ್ರಶ್ನೆ ಸಾಕು.

3. ತಪ್ಪನ್ನು ಮೊದಲು ತೋರಿಸಿಕೊಟ್ಟವನಿಗೆ ಎಲ್ಲರ ಮುಂದೆ ಮೆಚ್ಚುಗೆ ಹೇಳಬೇಕು. ಆ ತಪ್ಪು ಮಾಲೀಕನದೇ ಆಗಿದ್ದರೆ ಅದನ್ನೂ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು.

4. ಮೊದಲ ತುಂಡು ತಯಾರಾದೊಡನೆ ಕೆಲಸ ನಿಲ್ಲಿಸುವ ಅಧಿಕಾರ ಯಂತ್ರ ನಡೆಸುವವನಿಗೇ ಇರಬೇಕು. ಮೇಲ್ವಿಚಾರಕನ ಒಪ್ಪಿಗೆಗೆ ಅದು ಕಾಯಬಾರದು.

5. ಮೇಲ್ವಿಚಾರಕನನ್ನು ಉತ್ಪಾದನೆಯ ಲೆಕ್ಕದಿಂದ ಮಾತ್ರ ಅಳೆಯದೆ, ಅವನ ಕೈಕೆಳಗೆ ಎಷ್ಟು ಜನ ಕೆಲಸ ಬಿಟ್ಟರು, ಎಷ್ಟು ಜನ ಹೊಸ ಕೆಲಸ ಕಲಿತರು ಎಂಬುದರಿಂದಲೂ ಅಳೆಯಬೇಕು.

6. ಕೆಲಸ ಬಿಟ್ಟು ಹೋಗುವವನೊಂದಿಗೆ ಲೆಕ್ಕ ಚುಕ್ತಾ ಮಾಡಿದ ನಂತರ ಚಹಾ ಕುಡಿಯುತ್ತ ಮಾತನಾಡಬೇಕು. ಹೋಗುವವನಿಗೆ ಹೆದರಿಕೆಯಿಲ್ಲ, ಆದ್ದರಿಂದ ಅವನು ಹೇಳುವುದರಲ್ಲಿ ಸತ್ಯಾಂಶ ಹೆಚ್ಚು.

7. ಕಾನೂನಿನ ಕನಿಷ್ಠ ಬಾಧ್ಯತೆಗಳನ್ನು ಕಾಗದದ ಮೇಲೆ ಸರಿಯಾಗಿಟ್ಟುಕೊಳ್ಳಬೇಕು: ಸಂಸ್ಥೆಯ ನೋಂದಣಿ, ವೇತನದ ಚೀಟಿ, ಹಾಜರಿ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ 2013ರ ಕಾಯ್ದೆಯಂತೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿಯಿರಬೇಕು. ಪುಣೆಯ ದೊಡ್ಡ ಕಚೇರಿಯ ನೋಂದಣಿಯೇ ತಪ್ಪಿಹೋಗಿತ್ತೆಂಬುದನ್ನು ನೆನೆದರೆ, ನಮ್ಮ ಕಡತಗಳನ್ನೊಮ್ಮೆ ತೆರೆದು ನೋಡುವುದು ಲೇಸು.

ಇವುಗಳಿಗೆ ಹಣ ಬೇಕಿಲ್ಲ, ಸಮಯ ಬೇಕು. ಸಣ್ಣ ಉದ್ದಿಮೆದಾರನಿಗೆ ಸಮಯವೇ ಹಣಕ್ಕಿಂತ ದುರ್ಲಭವೆಂಬುದು ನಿಜ. ಹತ್ತಿಯ ಹಂಗಾಮಿನಲ್ಲಿ ಜಿನ್ನಿಂಗ್ ಗಿರಣಿಯವರಿಗೆ, ಕಬ್ಬಿನ ಹಂಗಾಮಿಗೆ ಮುನ್ನ ನಮ್ಮಂಥವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ನಮ್ಮಲ್ಲಿಯೂ ಈ ಕ್ರಮ ಮೂರು ಸಲ ತಪ್ಪಿದೆ. ತಪ್ಪಿದ್ದು ಹಂಗಾಮಿನಲ್ಲಿಯೇ, ಅಂದರೆ ಅತ್ಯಂತ ಅಗತ್ಯವಿದ್ದ ಹೊತ್ತಿನಲ್ಲಿಯೇ. ಆದ್ದರಿಂದ ಈಗ ಆ ಗಂಟೆಯನ್ನು ಬ್ಯಾಂಕಿನ ಕಂತಿನಂತೆ ಮುಂದೂಡಲಾಗದ ಬಾಧ್ಯತೆಯೆಂದು ದಿನಚರಿಯಲ್ಲಿ ಬರೆದಿಡಲಾಗಿದೆ.

ದೇಗಾಂವದ ಗುಡಿಯ ಸಾಕ್ಷಿ

ದೇಗಾಂವದ ಕಮಲನಾರಾಯಣ ದೇವಾಲಯವನ್ನು ನಮ್ಮ ಸದಸ್ಯರಲ್ಲಿ ಅನೇಕರು ನೋಡಿದ್ದಾರೆ. 12ನೇ ಶತಮಾನದಲ್ಲಿ ಗೋವೆಯ ಕದಂಬ ಅರಸ ಪೆರ್ಮಾಡಿಯ ರಾಣಿ ಕಮಲಾದೇವಿಯು ಅದನ್ನು ಕಟ್ಟಿಸಿದಳು. ಗುಡಿಗೆ ರಾಣಿಯ ಹೆಸರಿರುವುದು ಸಹಜ. ಆದರೆ ಅದನ್ನು ಕಟ್ಟಿದ ಶಿಲ್ಪಿ ತಿಪ್ಪೋಜನ ಹೆಸರೂ ಇಂದಿಗೆ ಉಳಿದುಬಂದಿದೆ. ಎಂಟು ನೂರು ವರ್ಷಗಳ ಹಿಂದೆ ಕಟ್ಟಿಸಿದವಳ ಹೆಸರಿನೊಂದಿಗೆ ಕಟ್ಟಿದವನ ಹೆಸರೂ ನೆನಪಿಗೆ ಅರ್ಹವಾಗಿತ್ತು.

ನಾಲ್ಕು ವರ್ಷ ದುಡಿದವನನ್ನು ಬೇರೊಂದು ಹೆಸರಿನಿಂದ ಕರೆಯುವ ಮುಖ್ಯಸ್ಥರು ದೊಡ್ಡ ನಗರಗಳಲ್ಲಿ ಮಾತ್ರ ಇರುತ್ತಾರೆಂದು ನಾವು ಭಾವಿಸುವುದು ಬೇಡ. ಬರುವ ಲಕ್ಷ್ಮೀಪೂಜೆಯಂದು ಕೀರ್ದಿ ಪುಸ್ತಕಕ್ಕೆ ಕುಂಕುಮ ಹಚ್ಚುವ ಮುನ್ನ, ನಮ್ಮ ಅಂಗಡಿ, ಗಿರಣಿ, ಕಾರ್ಯಾಗಾರಗಳಲ್ಲಿ ದುಡಿಯುವ ಪ್ರತಿಯೊಬ್ಬರೂ ಕಳೆದ ಮೂರು ತಿಂಗಳಲ್ಲಿ ನಮಗೆ ಏನು ಹೇಳಿದರು ಎಂಬುದನ್ನು ನೆನಪಿಸಿಕೊಳ್ಳಲು ಯತ್ನಿಸೋಣ. ಯಾರ ಹೆಸರಿನ ಮುಂದೆ ಏನೂ ನೆನಪಾಗುವುದಿಲ್ಲವೋ, ಮರುದಿನ ಬೆಳಿಗ್ಗೆ ಮೊದಲು ಅವರ ಬಳಿಗೆ ಹೋಗುವುದು ಒಳ್ಳೆಯದು.